ಎರೆ ಹೊಲಕ್ಕೆ ಬಂದ ನ್ಯೂ ಆರ್ಲಿನ್ಸ್ ಬೀಜ

ಧಾರವಾಡ ಜಿಲ್ಲೆಯ ಹಳ್ಳಿಗಾಡಿನ ಚರಿತ್ರೆ ಬರೆಯಲು ಕೂತವರು ಸಾಮಾನ್ಯವಾಗಿ ಗುಡಿಯಿಂದ ಶುರುಮಾಡುತ್ತಾರೆ. ಅಣ್ಣಿಗೇರಿಯ ಅಮೃತೇಶ್ವರ, ಕುಂದಗೋಳದ ಶಂಭುಲಿಂಗ, ತಂಬೂರಿನ ಬಸವಣ್ಣ. ಆಮೇಲೆ ಪಂಪ, ಚಾಲುಕ್ಯರು, ದೇಸಗತಿಗಳು, ಕೊನೆಗೆ ಸವಾಯಿ ಗಂಧರ್ವರು. ಇದರಲ್ಲಿ ತಪ್ಪೇನೂ ಇಲ್ಲ, ಬೆಳ್ವೊಲ ನಾಡಿಗೆ ಶಾಸನಗಳ ಬರವಿಲ್ಲ. ಆದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆ ಸೀಮೆಯ ಒಕ್ಕಲು ಮಕ್ಕಳು ಕಳೆದ 180 ವರ್ಷಗಳಲ್ಲಿ ಹೇಗೆ ಉಂಡರು, ಹೇಗೆ ಸಾಲಗಾರರಾದರು, ಯಾವಾಗ ಸರ್ಕಾರದ ಎದುರು ನಿಂತರು ಎಂದು ಕೇಳಿದರೆ ಕಲ್ಲಿನ ಅಕ್ಷರ ಉತ್ತರ ಕೊಡುವುದಿಲ್ಲ, ಹತ್ತಿಯ ಹೊಲ ಕೊಡುತ್ತದೆ. ಅಮೆರಿಕದ ದಕ್ಷಿಣ ಸೀಮೆಯ ಹತ್ತಿಬೀಜವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಇಂಡಿಯಾದ ಹಲವು ಕಡೆ ಬಿತ್ತಿ ನೋಡಿದರು. ಹೆಚ್ಚುಕಡಿಮೆ ಎಲ್ಲ ಕಡೆಯೂ ಸೋತ ಆ ಬೀಜ ಧಾರವಾಡದಲ್ಲಿ ಮಾತ್ರ ಬೇರೂರಿತು. ಯಾಕೆ ಎಂಬ ಪ್ರಶ್ನೆಗೆ ಕಂಪನಿ ಸರ್ಕಾರದ ಕಾಗದಪತ್ರಗಳು ಅಧಿಕಾರಿಗಳ ಹೆಸರು ಹೇಳುತ್ತವೆ. ನನ್ನ ವಾದ ಬೇರೆ. ಇಲ್ಲಿಯ ರೈತ ಹೊಸ ಬೀಜವನ್ನು ಒಪ್ಪಿಕೊಂಡದ್ದು ಹಳೆಯದನ್ನು ಬಿಡದೆ ಇದ್ದುದರಿಂದ. ಬೇಡವಾದ ದಿನ ಹಿಂದಕ್ಕೆ ಬರುವ ದಾರಿ ಅವನ ಕೈಯಲ್ಲೇ ಇತ್ತು. ಆ ದಾರಿ ಮುಚ್ಚಿದ ಮೇಲೆ ಏನಾಯಿತೆಂಬುದನ್ನು 1980ರ ನವಲಗುಂದ ತೋರಿಸಿತು.

ಕತೆಯ ಆರಂಭ ಇಲ್ಲಿಂದ ಬಲು ದೂರ, ಲಂಕಾಷೈರಿನ ಗಿರಣಿಗಳಲ್ಲಿ. ಆ ಗಿರಣಿಗಳಿಗೆ ಬೇಕಾದ ಹತ್ತಿಯ ಬಹುಪಾಲು ಬರುತ್ತಿದ್ದುದು ಮಿಸಿಸಿಪ್ಪಿ, ಲೂಸಿಯಾನಾ, ಅಲಬಾಮಾದಂಥ ಸೀಮೆಗಳಿಂದ. ಬೆಳೆಯುತ್ತಿದ್ದವರು ಆಫ್ರಿಕಾ ಮೂಲದ ಗುಲಾಮರು. ಒಂದೇ ದೇಶವನ್ನು, ಅದರಲ್ಲೂ ಗುಲಾಮರ ದುಡಿಮೆಯನ್ನು, ನಂಬಿ ಕೂರುವುದು ಅಪಾಯ ಎಂಬ ಅಳುಕು ಮ್ಯಾಂಚೆಸ್ಟರಿನ ವ್ಯಾಪಾರಿಗಳಿಗೆ 1830ರ ದಶಕದಲ್ಲೇ ಇತ್ತು. ಈಸ್ಟ್ ಇಂಡಿಯಾ ಕಂಪನಿ ಕ್ಯಾಪ್ಟನ್ ಬೇಲ್ಸ್ ಎಂಬ ಅಧಿಕಾರಿಯನ್ನು ಅಮೆರಿಕಕ್ಕೆ ಕಳಿಸಿತು. ಆತ 1840ರಲ್ಲಿ ಹತ್ತು ಜನ ಅನುಭವಿ ಪ್ಲಾಂಟರುಗಳನ್ನೂ ನ್ಯೂ ಆರ್ಲಿನ್ಸ್ ತಳಿಯ ಬೀಜವನ್ನೂ ಅರಳೆ ಬಿಡಿಸುವ ಯಂತ್ರಗಳನ್ನೂ ಹೊಂದಿಸಿಕೊಟ್ಟ. ಆ ಹತ್ತು ಜನ ಉತ್ತರದ ದೋಆಬ್, ಬುಂದೇಲಖಂಡ, ಗುಜರಾತಿನ ಭರೂಚ್, ಮದ್ರಾಸ್ ಪ್ರಾಂತ್ಯ ಎಂದು ಹಂಚಿಹೋದರು. ಗಿಡ ಬಂತು, ಕಾಯಿ ಕಟ್ಟಲಿಲ್ಲ. ಕಾಯಿ ಬಂದಲ್ಲಿ ಹುಳ ಬಂತು. ಹುಳವೂ ಬಾರದಲ್ಲಿ ಲೆಕ್ಕ ಕೂಡಲಿಲ್ಲ. ಎರಡು ಮೂರು ವರ್ಷಗಳಲ್ಲೇ ಯೋಜನೆ ಅರ್ಧ ಸತ್ತಿತ್ತು.

ಧಾರವಾಡದ ಕಲೆಕ್ಟರ್ ಆಗಿದ್ದ ಷಾ 1842ರ ಸುಮಾರಿಗೆ ಇದೇ ಬೀಜ ತರಿಸಿ ಬಿತ್ತಿಸಿದ. ಫಸಲು ಆಶೆ ಹುಟ್ಟಿಸುವಂತಿತ್ತು. ಉತ್ತರದಲ್ಲಿ ಸೋತು ಬೇಸತ್ತಿದ್ದ ಮರ್ಸರ್ ಎಂಬ ಪ್ಲಾಂಟರನನ್ನು ಸರ್ಕಾರ ಇತ್ತ ಕಳಿಸಿತು. ಹುಬ್ಬಳ್ಳಿಯ ಪಕ್ಕದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಎದ್ದಿತು. ಮಿಸಿಸಿಪ್ಪಿಯಲ್ಲಿ ನೂರಾರು ಎಕರೆಯ ತೋಟ ನಡೆಸಿ ಗೊತ್ತಿದ್ದವರ ಪದ್ಧತಿ ಇದು: ಒಬ್ಬ ಮೇಸ್ತ್ರಿ, ಸಾಲು ಸಾಲು ಆಳು, ಆಳಿಗೆ ಕೂಲಿಯ ಪ್ರಶ್ನೆಯೇ ಇಲ್ಲ. ಕುಸುಗಲ್ಲಿನಲ್ಲಿ ಆಳಿಗೆ ಕೂಲಿ ಕೊಡಬೇಕಿತ್ತು, ಅದೂ ಸುಗ್ಗಿಯಲ್ಲಿ ಜೋಳ ಕೊಯ್ಲಿನವರ ಜೊತೆ ಪೈಪೋಟಿ ಮಾಡಿ. ಈ ದೇಶದ ರೈತ ತನ್ನ ನೆಲ, ತನ್ನ ಹವೆಯನ್ನು ಬಲ್ಲ. ಅವನಷ್ಟು ಅಗ್ಗವಾಗಿ, ಅವನಷ್ಟು ಚೆನ್ನಾಗಿ ಯಾವ ಯುರೋಪಿಯನ್ನನೂ ಇಲ್ಲಿ ಹತ್ತಿ ಬೆಳೆಯಲಾರ, ಸರ್ಕಾರಿ ಪ್ರಯೋಗದ ಹೊಲಗಳು ದಂಡದ ಖರ್ಚು, ಮುಚ್ಚಿಬಿಡಿ ಎಂಬ ಅರ್ಥದಲ್ಲಿ ಮರ್ಸರನೇ ಸರ್ಕಾರಕ್ಕೆ ಬರೆದುಕೊಂಡ. ಕಲಿಸಲು ಬಂದವನ ಬಾಯಿಂದ ಬಂದ ಈ ಸಾಕ್ಷ್ಯಕ್ಕಿಂತ ದೊಡ್ಡದು ನಮಗೆ ಬೇಕಿಲ್ಲ. ನೇಗಿಲು, ಕೂರಿಗೆ, ಕುಂಟೆ, ಎಡೆ ಹೊಡೆಯುವ ಕ್ರಮ ಯಾವುದರಲ್ಲೂ ಅಮೆರಿಕ ಧಾರವಾಡಕ್ಕೆ ಕಲಿಸುವಂಥದ್ದು ಹೆಚ್ಚೇನೂ ಇರಲಿಲ್ಲ.

ಕಲಿಸುವಂಥದ್ದು ಒಂದು ಇತ್ತು, ಅದು ಹೊಲದಲ್ಲಿರದೆ ಪಡಸಾಲೆಯಲ್ಲಿತ್ತು. ಜವಾರಿ ಹತ್ತಿಯಿಂದ ಕಾಳು ಬೇರೆ ಮಾಡುವುದು ಈ ಭಾಗದಲ್ಲಿ ಹೆಂಗಸರ ಕೆಲಸವಾಗಿತ್ತು. ಮುಂದೆ ಒಂದು ಚಪ್ಪಟೆ ಕಲ್ಲು, ಅದರ ಮೇಲೆ ಎರಡೂ ತುದಿಗೆ ಸಣ್ಣಗಾಗುತ್ತ ಹೋಗುವ ಒಂದು ಕಬ್ಬಿಣದ ಸರಳು. ಕುಳ್ಳ ಮಣೆಯ ಮೇಲೆ ಕೂತ ಹೆಂಗಸು ಎರಡೂ ಅಂಗಾಲುಗಳಿಂದ ಸರಳನ್ನು ಹಿಂದೆ ಮುಂದೆ ಉರುಳಿಸುತ್ತ, ಬಲಗೈಯಿಂದ ಹತ್ತಿ ಒಡ್ಡುತ್ತ, ಎಡಗೈಯಿಂದ ಅರಳೆ ಎಳೆದುಕೊಳ್ಳಬೇಕು. ಕಾಳು ಮುಂದಕ್ಕೆ ಸಿಡಿದು ಬೀಳುತ್ತಿತ್ತು, ಎಳೆಗೆ ಪೆಟ್ಟಿಲ್ಲ. ದಿನವೆಲ್ಲ ಕೂತರೂ ಕೆಲವೇ ಸೇರು ಅರಳೆ. ಆದರೆ ಸಾಮಾನಿನ ಖರ್ಚು ಏನೂ ಇಲ್ಲ, ಕಾಳು ಮನೆಯ ಎತ್ತಿನ ಬಾನಿಗೆ, ಕೂಲಿ ಹೆಂಗಸಿನ ಸೆರಗಿಗೆ. ಅಮೆರಿಕದ ಹತ್ತಿ ಈ ಸರಳಿಗೆ ಬಗ್ಗಲಿಲ್ಲ. ಅದರ ಎಳೆ ಕಾಳನ್ನು ಬಿಗಿಯಾಗಿ ಹಿಡಿದಿರುತ್ತದೆ, ಉರುಳಿಸಿದರೆ ಬಿಡುವುದಿಲ್ಲ. ಅದಕ್ಕೆ ಬೇಕಾದದ್ದು ಗರಗಸದ ಹಲ್ಲಿನ ಚಕ್ರಗಳಿರುವ ಜಿನ್ ಯಂತ್ರ. ಕಾಳು ಹಾಯದಷ್ಟು ಕಿರಿದಾದ ಸರಳುಗಳ ಸಂದಿಯಿಂದ ಹಲ್ಲುಗಳು ಎಳೆಯನ್ನು ಕಿತ್ತು ಆಚೆಗೆ ಎಳೆಯುತ್ತವೆ, ಕಾಳು ಈಚೆಗೆ ಉದುರುತ್ತದೆ. ಎಲೈ ವಿಟ್ನಿ 1793ರಲ್ಲಿ ಮಾಡಿದ ಈ ಯಂತ್ರ ಅಮೆರಿಕದ ದಕ್ಷಿಣದಲ್ಲಿ ಹತ್ತಿಯ ಸಾಮ್ರಾಜ್ಯ ಕಟ್ಟಿತು, ಜೊತೆಗೇ ಗುಲಾಮಗಿರಿಯನ್ನೂ ಬಲಪಡಿಸಿತು.

ಸರ್ಕಾರ ಧಾರವಾಡದಲ್ಲೇ ಈ ಯಂತ್ರ ಮಾಡುವ, ರಿಪೇರಿ ಮಾಡುವ ಕಾರಖಾನೆ ತೆರೆಯಿತು; ಡಾ. ಫೋರ್ಬ್ಸ್ ಅದನ್ನು ಮುಂದೆ ನಡೆಸಿದ. ನನಗೆ ಇಡೀ ಪ್ರಕರಣದ ನಿಜವಾದ ತಿರುವು ಇದೇ ಎನ್ನಿಸುತ್ತದೆ. ಷಾನ ಬೀಜ, ಮರ್ಸರನ ಹೊಲ ಕಾಣಿಸಿಕೊಂಡ ಮೇಲೂ ಕೆಲವು ವರ್ಷ ಈ ಬೆಳೆ ಸರ್ಕಾರ ಕೊಂಡಷ್ಟು ದಿನ ಹಿಗ್ಗುತ್ತಿತ್ತು, ಕೈಬಿಟ್ಟ ಕೂಡಲೇ ಕುಗ್ಗುತ್ತಿತ್ತು. ಊರ ಬಡಿಗ, ಕಮ್ಮಾರರ ಕೈಗೆ ಯಂತ್ರದ ರೀತಿ ಸಿಕ್ಕಿ, ವ್ಯಾಪಾರಸ್ಥರು ತಾವೇ ಯಂತ್ರ ಇಟ್ಟುಕೊಂಡು ಹತ್ತಿ ಕೊಳ್ಳತೊಡಗಿದ ಮೇಲೆ ಅದು ತನ್ನ ಕಾಲ ಮೇಲೆ ನಿಂತಿತು. 1860ರ ದಶಕದ ಮೊದಲಿಗೆ ಜಿಲ್ಲೆಯಲ್ಲಿ ಅಮೆರಿಕನ್ ಹತ್ತಿ ಲಕ್ಷ ಎಕರೆ ದಾಟಿತ್ತು. ಲಿವರ್‌ಪೂಲಿನ ಮಾರುಕಟ್ಟೆಯಲ್ಲಿ ‘ಧಾರವಾಡ ಅಮೆರಿಕನ್’ ಎಂಬ ಹೆಸರಿಗೇ ಬೇರೆ ದರ ಬರೆಯುತ್ತಿದ್ದರು. ಜವಾರಿಗೂ ಅಲ್ಲಿ ಹೆಸರಿತ್ತು: ‘ಕುಮಟಾ’. ಕುಮಟೆಯಲ್ಲಿ ಒಂದು ಗಿಡವೂ ಬೆಳೆಯದ ಹತ್ತಿಗೆ ಅದು ಹಡಗು ಹತ್ತಿದ ಬಂದರಿನ ಹೆಸರು ಅಂಟಿತ್ತು.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು ನೆಲದ್ದು, ಹವೆಯದ್ದು: ಧಾರವಾಡಕ್ಕೆ ಮುಂಗಾರಿಯ ಕೊನೆಯೂ ಹಿಂಗಾರಿಯ ಮಳೆಯೂ ಸಿಗುತ್ತವೆ, ಎರೆ ತೇವ ಹಿಡಿದಿಡುತ್ತದೆ, ಸಮುದ್ರದ ಗಾಳಿ ಪೂರಾ ದೂರವಿಲ್ಲ, ಗೆದ್ದದ್ದು ನೆಲ, ರೈತನಲ್ಲ. ಇದರಲ್ಲಿ ಸತ್ಯಾಂಶವಿದೆ. ಭರೂಚಿನ ಕರಿನೆಲದಲ್ಲಿ ಸತ್ತ ಗಿಡ ಇಲ್ಲಿ ಬದುಕಿದ್ದಕ್ಕೆ ಈ ಎರಡು ಮಳೆಯ ಭಾಗ್ಯ ಕಾರಣ. ಆದರೆ ನೆಲ ಅವಕಾಶ ಕೊಡುತ್ತದೆ, ಬಿತ್ತು ಎಂದು ಹೇಳುವುದಿಲ್ಲ. ಅದೇ ನೆಲ, ಅದೇ ಮಳೆ ಇದ್ದೂ ಬೆಳೆಯ ವಿಸ್ತಾರ ದರದ ಜೊತೆ, ಯಂತ್ರದ ಜೊತೆ ಏರಿಳಿದಿದೆ ಎಂದ ಮೇಲೆ ತೀರ್ಮಾನ ಮಾಡಿದವರು ಮನುಷ್ಯರೇ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ವಸಾಹತು ಸರ್ಕಾರದ ಕೆಳಗೆ ರೈತನಿಗೆ ಆಯ್ಕೆ ಎಲ್ಲಿತ್ತು? ಬಿಹಾರದ ನೀಲಿಯಂತೆ ಇಲ್ಲಿ ಬಲವಂತದ ಕರಾರು ಇರಲಿಲ್ಲ, ನಿಜ. ಆದರೆ 1840ರ ದಶಕದಲ್ಲಿ ಮೋಜಣಿ ಅಧಿಕಾರಿ ವಿಂಗೇಟನ ಕ್ರಮದಂತೆ ಹುಬ್ಬಳ್ಳಿ, ನವಲಗುಂದ ಕಡೆ ಭೂಮಿ ಅಳೆದು, ಮೂವತ್ತು ವರ್ಷಕ್ಕೆ ದಸ್ತು ಗೊತ್ತುಮಾಡಿದರು. ಕಂದಾಯ ರೊಕ್ಕದಲ್ಲೇ ಕಟ್ಟಬೇಕು. ಜೋಳ ಹಗೇವಿಗೆ ಹೋಗುತ್ತದೆ, ರೊಕ್ಕ ತರುವುದು ಹತ್ತಿ. ಕಂದಾಯದ ಕಂತಿನ ದಿನವೇ ಒಂದು ಮೌನದ ಒತ್ತಾಯ ಎಂದರೆ ನಾನು ಒಪ್ಪುತ್ತೇನೆ. ಆದರೆ ಈ ಒತ್ತಾಯ ಹತ್ತಿ ಬೆಳೆ ಎಂದಿತು, ಅಮೆರಿಕದ್ದನ್ನೇ ಬೆಳೆ ಎನ್ನಲಿಲ್ಲ. ಯಾವ ಹತ್ತಿ ಎಂಬುದನ್ನು ರೈತ ತಾನೇ ನಿರ್ಧರಿಸಿದ. ಇದ್ದ ಹೊಲದಲ್ಲಿ ಒಂದಷ್ಟಕ್ಕೆ ಹೊಸದು, ಒಂದಷ್ಟಕ್ಕೆ ಜವಾರಿ, ಮಿಕ್ಕದ್ದಕ್ಕೆ ಜೋಳ, ಕಡಲೆ, ಕುಸುಬಿ. ನವಲಗುಂದದ ಜಮಖಾನೆ ನೇಯುವವರಿಗೂ ಊರೂರಿನ ಚರಕಗಳಿಗೂ ಜವಾರಿಯ ದಪ್ಪ ನೂಲೇ ಸಾಕಾಗಿತ್ತು. ಹೊರಗಿನ ಪೇಟೆ ಬಿದ್ದರೂ ಒಳಗೊಂದು ಪೇಟೆ ಇತ್ತು.

ಈ ಜಾಣತನಕ್ಕೆ ಪರೀಕ್ಷೆ 1861ರಲ್ಲಿ ಬಂತು. ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು, ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿತು, ಲಂಕಾಷೈರಿನಲ್ಲಿ ಗಿರಣಿಗಳು ನಿಂತವು. ನಾಲ್ಕು ವರ್ಷ ಮುಂಬಯಿ ಪ್ರಾಂತ್ಯದ ಹತ್ತಿಗೆ ಯಾರೂ ಕಂಡು ಕೇಳರಿಯದ ದರ. ಹುಬ್ಬಳ್ಳಿಯ ದಲಾಲರು ಬೆಳೆ ಇನ್ನೂ ಹೊಲದಲ್ಲಿರುವಾಗಲೇ ಮುಂಗಡ ಕೊಟ್ಟರು. ಸರ್ಕಾರ ರಸ್ತೆಗೆ ಕೈಹಾಕಿತು, ಯಾಕೆಂದರೆ ಹತ್ತಿ ಮುಂಬಯಿಗೆ ಹೋಗುವ ದಾರಿ ಸಮುದ್ರದ್ದು, ಸಮುದ್ರಕ್ಕೆ ಹೋಗುವ ದಾರಿ ಘಟ್ಟದ್ದು. ಬಯಲುಸೀಮೆಯಿಂದ ಹೊರಟ ಚಕ್ಕಡಿಗಳು ಕಲಘಟಗಿ ದಾಟಿ, ತಂಬೂರ ಕಡೆಯ ಭತ್ತದ ಗದ್ದೆಗಳ ಅರೆಮಲೆನಾಡು ಬಿಟ್ಟು, ಯಲ್ಲಾಪುರದ ಕಾಡು ಹೊಕ್ಕು ಘಟ್ಟ ಇಳಿಯಬೇಕು. ಒಂದು ಗಾಲಿ ಮುರಿದರೆ ಹಿಂದಿನದೆಲ್ಲ ನಿಂತಿತು. ಕಾರವಾರವನ್ನು ದೊಡ್ಡ ಬಂದರು ಮಾಡಬೇಕೆಂದು ಮ್ಯಾಂಚೆಸ್ಟರಿನವರು ಹಟ ಹಿಡಿದರು. ಮ್ಯಾಂಚೆಸ್ಟರ್ ಕಾಟನ್ ಕಂಪನಿಯ ಪ್ರತಿನಿಧಿ ಹೇವುಡ್ ಸದಾಶಿವಗಡಕ್ಕೆ ಬಂದು ರಸ್ತೆ ಎಲ್ಲಿ ಎಂದು ಕೇಳಿದ, ಮುಗಿದ ರಸ್ತೆ ಇರಲಿಲ್ಲ. ಮದ್ರಾಸ್ ಪ್ರಾಂತ್ಯದಲ್ಲಿದ್ದ ಕೆನರಾ ಜಿಲ್ಲೆಯನ್ನು ಕಡಿದು ಉತ್ತರ ಭಾಗವನ್ನು 1862ರಲ್ಲಿ ಮುಂಬಯಿಗೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಒತ್ತಡ ದೊಡ್ಡದಿತ್ತು. ಉತ್ತರ ಕನ್ನಡ, ದಕ್ಷಿಣ ಕನ್ನಡ ಎಂದು ನಾವು ಇಂದು ಎರಡಾಗಿ ಹೇಳುವ ಕರಾವಳಿಯನ್ನು ಸೀಳಿದ ಕಾರಣಗಳಲ್ಲಿ ಧಾರವಾಡದ ಅರಳೆಯೂ ಒಂದು ಎಂಬುದನ್ನು ಕರಾವಳಿಯವರೂ ನೆನೆಯುವುದಿಲ್ಲ, ಧಾರವಾಡದವರೂ ನೆನೆಯುವುದಿಲ್ಲ.

ದರ ಏರಿದಲ್ಲಿ ಕಲಬೆರಕೆಯೂ ಬಂತು. ಅರಳೆಯಲ್ಲಿ ಕಾಳು, ಧೂಳು, ನೀರು. ಅಮೆರಿಕನ್ ಹೆಸರಿನ ಅಂಡಿಗೆಯಲ್ಲಿ ಕುಮಟಾ. ಮುಂಬಯಿ ಸರ್ಕಾರ 1863ರಲ್ಲಿ ಹತ್ತಿ ಕಲಬೆರಕೆ ತಡೆಯ ಕಾಯಿದೆ ತಂದು, ಇನ್‌ಸ್ಪೆಕ್ಟರುಗಳನ್ನು ನೇಮಿಸಿತು. ಆ ಅಧಿಕಾರಿಗಳಲ್ಲಿ ವಾಲ್ಟನ್ ಎಂಬಾತ ಧಾರವಾಡದ ಹತ್ತಿಯ ಮೇಲೆ ಒಂದು ಪುಸ್ತಕವನ್ನೇ ಬರೆದ. ಕಾಯಿದೆ ಎರಡು ದಶಕಗಳಲ್ಲಿ ಮೂಲೆ ಸೇರಿತು, ಏಕೆಂದರೆ ಮೋಸ ನಡೆಯುತ್ತಿದ್ದುದು ಅರಳೆ ಕೈಯಿಂದ ಕೈಗೆ ಹೋಗುವ ಪೇಟೆಯಲ್ಲಿ, ಶುದ್ಧ ಹತ್ತಿಗೂ ಬೆರಕೆ ಹತ್ತಿಗೂ ರೈತನ ಮನೆಬಾಗಿಲಲ್ಲಿ ಸಿಗುತ್ತಿದ್ದುದು ಹೆಚ್ಚುಕಡಿಮೆ ಒಂದೇ ದರ. ಇದೇ ಕಾಲಕ್ಕೆ ಅಧಿಕಾರಿಗಳು ಇನ್ನೊಂದು ದೂರು ಬರೆದರು: ಅಮೆರಿಕದ ತಳಿ ಈ ನೆಲದಲ್ಲಿ ಕೆಡುತ್ತಿದೆ, ಜವಾರಿಯ ಜೊತೆ ಬೆರೆತು ಹೀನವಾಗುತ್ತಿದೆ. ರೈತನ ಬೇಜವಾಬ್ದಾರಿಗೆ ಇದನ್ನು ಪುರಾವೆಯಾಗಿ ತೋರಿಸಿದ್ದೂ ಉಂಟು. ಆದರೆ ಈ ಎರಡೂ ಬೇರೆ ಬೇರೆ ಜಾತಿಯ ಗಿಡಗಳೆಂದು ಇಂದಿನ ಸಸ್ಯಶಾಸ್ತ್ರ ಬಲ್ಲದು. ಒಂದಕ್ಕೆ 52 ವರ್ಣತಂತುಗಳು, ಇನ್ನೊಂದಕ್ಕೆ 26. ಹೊಲದಲ್ಲಿ ಅಕ್ಕಪಕ್ಕ ನಿಂತ ಮಾತ್ರಕ್ಕೆ ಅವು ಕೂಡಿ ಬೆರಕೆ ಸಂತಾನ ಹುಟ್ಟುವುದಿಲ್ಲ. ಬೆರೆತದ್ದು ಬೀಜದ ರಾಶಿ. ಒಂದೇ ಜಿನ್ನಿನಲ್ಲಿ ಎರಡೂ ಹತ್ತಿ ಹಾಯ್ದು, ಕೆಳಗೆ ಬಿದ್ದ ಕಾಳು ಒಂದಾಗಿ, ಅದೇ ಮರುವರ್ಷದ ಬಿತ್ತನೆಗೆ ಹೋಯಿತು. ಹೊಸ ಬೆಳೆಯನ್ನು ನಿಲ್ಲಿಸಿದ ಯಂತ್ರವೇ ಅದರ ತಳಿಯನ್ನೂ ಕೆಡಿಸಿತು.

1865ರಲ್ಲಿ ಯುದ್ಧ ಮುಗಿಯಿತು, ದರ ಬಿತ್ತು, ಮುಂಬಯಿಯಲ್ಲಿ ಷೇರು ಪೇಟೆ ಕುಸಿದು ಬ್ಯಾಂಕುಗಳು ಮುಳುಗಿದವು. ಮುಂಗಡ ಕೊಟ್ಟವರು ಸಾಲ ವಸೂಲಿಗೆ ಬಂದರು. ಆದರೂ ಧಾರವಾಡದ ಹಳ್ಳಿಗಳು ಆ ಹೊಡೆತಕ್ಕೆ ಒಮ್ಮೆಗೇ ನೆಲಕಚ್ಚಲಿಲ್ಲ. ಜವಾರಿ ಬೀಜ ಮನೆಯಲ್ಲಿತ್ತು, ಕಲ್ಲು ಸರಳು ಪಡಸಾಲೆಯಲ್ಲಿತ್ತು, ಅಮೆರಿಕನ್ ಹತ್ತಿಗೆ ದರ ಇಲ್ಲದ ವರ್ಷ ಕೂರಿಗೆಯಲ್ಲಿ ಕುಮಟಾ ಬಿತ್ತಿದರು. ಮುಂದಿನ ಬರಗಾಲ ಮಾತ್ರ ಯಾವ ಜಾಣತನಕ್ಕೂ ಬಗ್ಗಲಿಲ್ಲ. 1876ರಲ್ಲಿ ಮಳೆ ಕೈಕೊಟ್ಟು ಬಂದ ಬರದಲ್ಲಿ ಜಿಲ್ಲೆ ಬರಿದಾಯಿತು. 1872ರ ಜನಗಣತಿಯಲ್ಲಿ ಸುಮಾರು 9 ಲಕ್ಷ 88 ಸಾವಿರ ಇದ್ದ ಧಾರವಾಡ ಜಿಲ್ಲೆಯ ಜನಸಂಖ್ಯೆ 1881ಕ್ಕೆ 8 ಲಕ್ಷ 83 ಸಾವಿರದ ಆಸುಪಾಸಿಗೆ ಇಳಿದಿತ್ತು. ಇದಕ್ಕೆ ಹತ್ತಿ ಎಷ್ಟು ಕಾರಣ ಎಂಬಲ್ಲಿ ಇತಿಹಾಸಕಾರರು ಒಮ್ಮತದಲ್ಲಿಲ್ಲ. ಜೋಳದ ಹೊಲವನ್ನು ಹತ್ತಿ ನುಂಗಿತು, ಕಣಜ ಬರಿದಾಯಿತು ಎಂಬುದು ಒಂದು ಪಕ್ಷ. ಮುಂಬಯಿ ಪ್ರಾಂತ್ಯದ ಅಂಕಿಗಳನ್ನು ಪರಿಶೀಲಿಸಿದ ಮಿಶೆಲ್ ಮೆಕಾಲ್ಪಿನ್ ಇದಕ್ಕೆ ಒಪ್ಪಲಿಲ್ಲ. ರೈತ ಆಹಾರದ ಬೆಳೆಯನ್ನು ಬಲಿಕೊಟ್ಟು ಹತ್ತಿಗೆ ಹೋದ ಎನ್ನಲು ಆಧಾರ ಸಾಲದು ಎಂಬುದು ಅವರ ನಿಲುವು. ಧಾರವಾಡದ ಹತ್ತಿ, ಹವಾಮಾನಗಳ ಮೇಲೆಯೇ ಬರೆದಿರುವ ಸಂದೀಪ್ ಹಜಾರೀಸಿಂಗ್ ಇಲ್ಲಿಯ ಹವೆ ಮತ್ತು ರೈತರ ಆಯ್ಕೆ ಎರಡೂ ಸೇರಿ ವಸಾಹತು ಯೋಜನೆಗೆ ಮಿತಿ ಹಾಕಿದವು ಎನ್ನುತ್ತಾರೆ. ನನಗೆ ಮೂರನೆಯದು ನೆಲಕ್ಕೆ ಹೆಚ್ಚು ಹತ್ತಿರ ಕಾಣುತ್ತದೆ. ಮಳೆಯೇ ಹೋದ ವರ್ಷ ಜೋಳ ಬಿತ್ತಿದವನ ಹೊಲವೂ ಒಣಗಿತು. ವ್ಯತ್ಯಾಸವಾದದ್ದು ಕೈಯಲ್ಲಿ ಹಳೆಯ ಕಾಳು ಎಷ್ಟಿತ್ತು, ಸಾವಕಾರನ ಪುಸ್ತಕದಲ್ಲಿ ಹೆಸರು ಎಷ್ಟು ಕೆಳಗಿತ್ತು ಎಂಬುದರಿಂದ. ಹತ್ತಿಯ ಭರಾಟೆ ಎರಡನ್ನೂ ಕೆಡಿಸಿತ್ತು.

ಬರದ ನೆನಪಿನಲ್ಲೇ ರೈಲು ಬಂತು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಆ ದಶಕದಲ್ಲೇ ಗದಗ, ಅಣ್ಣಿಗೇರಿ, ಹುಬ್ಬಳ್ಳಿ, ಧಾರವಾಡಗಳನ್ನು ಜೋಡಿಸಿ ಗೋವೆಯ ಮುರಗಾಂವ ಬಂದರಿಗೆ ಮುಟ್ಟಿತು. ಕಲಘಟಗಿಯ ಮೇಲೆ ಸಾಗುತ್ತಿದ್ದ ಹತ್ತಿಯ ಚಕ್ಕಡಿಗಳು ಕಡಿಮೆಯಾದವು, ಕುಮಟೆಯ ಬಂದರು ಬಾಡಿತು. ಹತ್ತಿಯ ಪೇಟೆಗಳು ಸ್ಟೇಷನ್ನಿನ ಸುತ್ತ ಬೆಳೆದವು, ಉಗಿಯ ಜಿನ್ನುಗಳು ಬಂದವು, ಕಲ್ಲು ಸರಳಿನ ಹೆಂಗಸರ ಕೂಲಿ ಹೋಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಧಾರವಾಡದ ಕೃಷಿ ಸಂಶೋಧಕ ಕೊಟ್ಟೂರ ಅವರು ಕೆಟ್ಟ ರಾಶಿಯಿಂದ ಒಳ್ಳೆಯ ಗಿಡಗಳನ್ನು ಆರಿಸಿ ತಳಿ ಕಟ್ಟಿದರು. ಜವಾರಿ ಕುಲದಿಂದ ಜಯವಂತ, ಅಮೆರಿಕನ್ ಕುಲದಿಂದ ಗದಗ-1 ಬಂದವು. ಗದಗ-1ಕ್ಕೆ ಕಾಂಬೋಡಿಯಾ ತಳಿ ಕೂಡಿಸಿ ಲಕ್ಷ್ಮೀ ಬಂತು. ಲಕ್ಷ್ಮಿಯನ್ನು ತಾಯಿಯಾಗಿ ಇಟ್ಟು, ಇನ್ನೊಂದು ಜಾತಿಯ ಉದ್ದನೆಳೆಯ ಹತ್ತಿಯೊಡನೆ ಕೂಡಿಸಿ ಡಾ. ಬಿ. ಎಚ್. ಕಟರ್ಕಿಯವರು ಧಾರವಾಡದಲ್ಲಿ 1972ರಲ್ಲಿ ವರಲಕ್ಷ್ಮೀ ಹೈಬ್ರಿಡ್ ತಂದರು. ಷಾ ಬಿತ್ತಿಸಿದ ನ್ಯೂ ಆರ್ಲಿನ್ಸ್ ಬೀಜದ ರಕ್ತ ಹೀಗೆ ಇಂಡಿಯಾದ ಹತ್ತಿಯ ದೊಡ್ಡ ಜಿಗಿತದೊಳಗೆ ಹರಿಯಿತು. ಆ ವಿಜ್ಞಾನದ ಸಾಧನೆಯನ್ನು ಕಡಿಮೆ ಮಾಡಿ ಹೇಳುವ ಇಚ್ಛೆ ನನಗಿಲ್ಲ. ಆದರೆ ಹೈಬ್ರಿಡ್ ಎಂದರೆ ಪ್ರತಿವರ್ಷ ಬೀಜ ಕೊಳ್ಳಬೇಕು, ಗೊಬ್ಬರ ಔಷಧಿ ಬೇಕು, ನೀರು ಬೇಕು.

ನೀರು ಮಲಪ್ರಭೆಯಿಂದ ಬಂತು. ನವಿಲುತೀರ್ಥದ ಅಣೆಕಟ್ಟಿನ ಕಾಲುವೆಗಳು 1970ರ ದಶಕದಲ್ಲಿ ನವಲಗುಂದ, ನರಗುಂದಗಳ ಎರೆ ಹೊಲ ಮುಟ್ಟಿದವು, ಜೋಳ ಕಡಲೆಯ ನೆಲದಲ್ಲಿ ವರಲಕ್ಷ್ಮೀ ಎದ್ದಿತು. ಮೊದಲ ವರ್ಷಗಳ ದರ ಮನೆ ಕಟ್ಟಿಸುವಂತಿತ್ತು. ಆಮೇಲೆ ದರ ಕುಸಿಯಿತು, ನೀರು ಕೊನೆಯ ಹೊಲಗಳಿಗೆ ತಲುಪಲಿಲ್ಲ, ತಲುಪಿದ ಕಡೆ ಕೆಲವು ನೆಲ ಜವುಳು ಹಿಡಿಯಿತು. ಸರ್ಕಾರ ನೀರಿನ ಕರದ ಜೊತೆ ಅಭಿವೃದ್ಧಿ ಕರವನ್ನೂ ಕೇಳಿತು. ನೀರಾವರಿಯಿಂದ ಭೂಮಿಯ ಬೆಲೆ ಏರಿದೆ, ಆ ಏರಿಕೆಯ ಪಾಲು ಕೊಡು ಎಂಬ ಕರ ಅದು. 1980ರ ಜುಲೈ 21ರಂದು ಎರಡೂ ಊರುಗಳಲ್ಲಿ ರೈತರು ಬೀದಿಗಿಳಿದರು, ಪೊಲೀಸರ ಗೋಲಿಬಾರಿಗೆ ರೈತರು ಬಲಿಯಾದರು. ಗುಂಡೂರಾಯರ ಸರ್ಕಾರ ಕರ ವಸೂಲಿಯಲ್ಲಿ ಹಿಂದೆ ಸರಿಯಬೇಕಾಯಿತು, ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು, 1983ರ ಚುನಾವಣೆಯಲ್ಲಿ ರಾಜ್ಯದಲ್ಲಿ ಮೊದಲ ಸಲ ಕಾಂಗ್ರೆಸ್ಸು ಅಧಿಕಾರ ಕಳೆದುಕೊಂಡಿತು. ಬಂಡಾಯವನ್ನು ಕೇವಲ ಕರದ ವಿರುದ್ಧದ ಸಿಟ್ಟು ಎನ್ನುವವರಿದ್ದಾರೆ, ದೊಡ್ಡ ಹಿಡುವಳಿದಾರರ ಚಳವಳಿ ಎಂದು ಕಡೆಗಣಿಸಿದವರೂ ಇದ್ದಾರೆ. ಎರಡೂ ವಿವರಣೆಗಳು 1865ನ್ನು ಮರೆಯುತ್ತವೆ. ಆಗಲೂ ದರ ಬಿದ್ದಿತ್ತು, ಆಗಲೂ ಕಂದಾಯ ಕಟ್ಟಬೇಕಿತ್ತು, ಆದರೆ ರೈತ ಬೀಜ ಬದಲಿಸಿ ಹಿಂದಕ್ಕೆ ಬಂದಿದ್ದ. 1980ರಲ್ಲಿ ಕಾಲುವೆಯ ಸಾಲ ಭೂಮಿಯ ಮೇಲೆಯೇ ಬರೆದಾಗಿತ್ತು. ವರಲಕ್ಷ್ಮೀ ಬಿಟ್ಟು ಕಡಲೆ ಬಿತ್ತಿದರೂ ಅಭಿವೃದ್ಧಿ ಕರ ತಪ್ಪುತ್ತಿರಲಿಲ್ಲ, ನೀರು ಬಾರದಿದ್ದರೂ ತಪ್ಪುತ್ತಿರಲಿಲ್ಲ. ಹೊಲದಲ್ಲಿ ತೀರ್ಮಾನ ಬದಲಿಸುವ ಅವಕಾಶ ಇಲ್ಲದವನು ತಹಶೀಲ್ದಾರ ಕಚೇರಿಗೆ ನಡೆದ.

ಅಲ್ಲಿಂದ ಈಚೆಗೆ ನವಲಗುಂದದ ಎರೆ ಹೆಸರು, ಕಡಲೆ, ಮೆಣಸಿನಕಾಯಿ, ಗೋವಿನಜೋಳಗಳ ಕಡೆ ವಾಲಿದೆ. ಹತ್ತಿ ಇರುವಲ್ಲಿ 2002ರ ನಂತರ ಬಂದ ಬಿಟಿ ಹೈಬ್ರಿಡ್ಡುಗಳದ್ದೇ ರಾಜ್ಯ, ಅದರ ಬೀಜವೂ ಪ್ರತಿ ಮುಂಗಾರಿಗೆ ಅಂಗಡಿಯಿಂದಲೇ ಬರುತ್ತದೆ. ಕುಮಟಾದ ಕುಲದ ಜಯಧರ ಜಿಲ್ಲೆಯ ಅಲ್ಲೊಂದು ಇಲ್ಲೊಂದು ಒಣಹೊಲದಲ್ಲಿ ಇನ್ನೂ ಉಳಿದಿದೆ. ಮಳೆ ಕಡಿಮೆಯಾದ ವರ್ಷವೂ ಅದು ಒಂದಿಷ್ಟು ಕೊಡುತ್ತದೆ ಎಂಬುದು ಬೆಳೆಯುವವರಿಗೆ ಗೊತ್ತಿದೆ, ಪೇಟೆಯಲ್ಲಿ ಅದರ ಗಿಡ್ಡನೆಳೆಗೆ ಕೊಳ್ಳುವವರು ಕಡಿಮೆ ಎಂಬುದೂ ಗೊತ್ತಿದೆ.